ಮುಸುಕಿನ ಹಾಡಿನ ಅರ್ಥ

ಕೊಲ್ಲಿ ನಾಡಿನ ಅಲ್ ಗುಬ್ರಾದ ಆ ಫ್ಲ್ಯಾಟಿನಲ್ಲಿ ನಾವಿದ್ದದ್ದು ಮೂರೇ ಜನ. ಆದರೂ ಮೂವರೂ ಒಟ್ಟಿಗೆ ಊಟಕ್ಕೆ ಕೂತ ನೆನಪು ಕಡಿಮೆ. ಅಪ್ಪ ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರದಲ್ಲಿ ಟೆಕ್ನೀಷಿಯನ್. ವಾರಕ್ಕೊಂದು ಪಾಳಿ. ಪಾಳಿಯ ಕಾರಣಕ್ಕೆ ಅವರು ಬೇರೆ ಕೋಣೆಯಲ್ಲಿ ಮಲಗುತ್ತಾರೆ ಎಂದು ನನಗೆ ಹೇಳಿದ್ದರು, ನಾನೂ ನಂಬಿದ್ದೆ. ಪಾರ್ಕಿಂಗ್ ಕಡೆಗಿದ್ದ ಕೋಣೆ ಅಮ್ಮನದೂ ನನ್ನದೂ. ಹಾಲ್‌ನಲ್ಲಿದ್ದ ಊಟದ ಮೇಜಿನ ಅರ್ಧ ಭಾಗವನ್ನು ಅಮ್ಮನ ಹೊಲಿಗೆ ಯಂತ್ರ ಹಿಡಿದಿತ್ತು, ಉಳಿದರ್ಧದಲ್ಲಿ ಎರಡು ತಟ್ಟೆ ಇಡುವಷ್ಟು ಜಾಗ. ಅಮ್ಮ ಸುತ್ತಮುತ್ತಲಿನ ಮನೆಗಳ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದಳು, ಪರದೆಗಳಿಗೆ ಅಂಚು ಕಟ್ಟಿಕೊಡುತ್ತಿದ್ದಳು. ಬೇಸಿಗೆಯಲ್ಲಿ ಆ ಮನೆಯ ನಲ್ಲಿಯಲ್ಲಿ ಬರುವ ನೀರು ಕೈ ಸುಡುತ್ತಿತ್ತು, ಆರಿಸಿಟ್ಟ ಗೀಸರಿನೊಳಗೆ ನಿಂತ ನೀರೇ ತಣ್ಣಗಿರುತ್ತಿತ್ತು. ಸ್ನಾನಕ್ಕೆ ಗೀಸರಿನ ನೀರು, ತಣ್ಣಗಾಗಲಿ ಎಂದು ಬಕೆಟ್ಟಿನಲ್ಲಿ ಹಿಡಿದಿಟ್ಟ ನಲ್ಲಿಯ ನೀರು ಬಟ್ಟೆಗೆ. ಮೈಸೂರಿಗೆ ರಜೆಗೆ ಹೋದಾಗ ಈ ಮಾತು ಹೇಳಿದರೆ ಅಪ್ಪನ ಕಡೆಯವರು ನಗುತ್ತಿದ್ದರು. ನಮ್ಮ ಮನೆಯಲ್ಲಿ ನಗು ಬರುವಂಥದ್ದು ಅದೊಂದೇ ಇತ್ತೇನೋ.

ಅಪ್ಪ ಅಮ್ಮ ಜಗಳವಾಡುತ್ತಿರಲಿಲ್ಲ. ಜಗಳವಾಡುವ ಮನೆಗಳು ನಮ್ಮ ಕಟ್ಟಡದಲ್ಲಿ ಬೇಕಾದಷ್ಟಿದ್ದವು. ಕೆಳಗಿನ ಮಹಡಿಯ ಮಂಗಳೂರಿನ ಆಂಟಿ ತುಳುವಿನಲ್ಲಿ ಗಂಡನನ್ನು ಬೈಯುವುದು ಮೆಟ್ಟಿಲಿನವರೆಗೂ ಕೇಳಿಸುತ್ತಿತ್ತು, ಹತ್ತು ನಿಮಿಷಕ್ಕೆ ಅದೇ ಮೆಟ್ಟಿಲಿಗೆ ಅವರಿಬ್ಬರ ನಗುವೂ ಕೇಳಿಸುತ್ತಿತ್ತು. ನಮ್ಮಲ್ಲಿ ಮಾತು ನನ್ನ ಮೂಲಕ ಹೋಗುತ್ತಿತ್ತು. ಅಡುಗೆಮನೆಯಿಂದ ಅಮ್ಮ "ಸಾರು ಬಿಸಿ ಇದೆ ಅಂತ ಹೇಳು" ಅನ್ನುವಳು. ನಾನು ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತು ಹೇಳುವೆ. ಅಪ್ಪ "ಖುಬ್ಬೂಸ್ ರೊಟ್ಟಿ ತಂದಿದೀನಿ ಅಂತ ಹೇಳು" ಅನ್ನುವರು. ನಾನು ಹಿಂದಿರುಗಿ ಅಮ್ಮನಿಗೆ ಹೇಳುವೆ. ಹನ್ನೆರಡು ಹೆಜ್ಜೆ ಆ ಕಡೆ, ಹನ್ನೆರಡು ಹೆಜ್ಜೆ ಈ ಕಡೆ. ಎಲ್ಲ ಮನೆಗಳಲ್ಲೂ ಮಕ್ಕಳಿರುವುದು ಇದಕ್ಕೇ ಎಂದುಕೊಂಡಿದ್ದೆ. ಎಷ್ಟೋ ಸಲ ಇಬ್ಬರಿಗೂ ಇನ್ನೊಬ್ಬರ ಮಾತು ನಾನು ಹೇಳುವ ಮೊದಲೇ ಕೇಳಿಸಿರುತ್ತಿತ್ತು. ಆದರೂ ನಾನು ಹೋಗಿ ಹೇಳುವವರೆಗೆ ಕಾಯುತ್ತಿದ್ದರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಗೆ ಲೀನಾ ಮಿಸ್ ಸಂಗೀತದ ಟೀಚರಾಗಿ ಬಂದರು. ಕೊಚ್ಚಿಯವರು, ಐವತ್ತು ದಾಟಿದ್ದವರು, ಒಂಟಿ. ಅವರು ಹುಟ್ಟಿ ಬೆಳೆದ ಬೀದಿಯಲ್ಲಿ ಯಹೂದಿಗಳ ಕೆಲವು ಮನೆಗಳಿದ್ದುವಂತೆ. ಆ ಮನೆಗಳ ಮದುವೆಗಳಿಗೆ ಚಿಕ್ಕಂದಿನಲ್ಲಿ ಹೋಗಿ ಬಂದ ನೆನಪು ಅವರನ್ನು ಬಿಟ್ಟಿರಲಿಲ್ಲ. ಆ ವರ್ಷದ ವಾರ್ಷಿಕೋತ್ಸವಕ್ಕೆ ಅವರೇ ಇಂಗ್ಲಿಷಿನಲ್ಲಿ ಒಂದು ಹಾಡಿನ ನಾಟಕ ಬರೆದರು. ಹಿಮ ಬೀಳುವ ಯಾವುದೋ ದೇಶದ ಒಂದು ಯಹೂದಿ ಊರು, ಅಲ್ಲಿ ಒಬ್ಬ ಬೇಕರಿಯವನ ಮಗಳ ಮದುವೆ. ಕಥೆ ಅಷ್ಟೇ. ಮದುವೆಯ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಹಾಡು. ನನ್ನ ಗಂಟಲು ಅಷ್ಟೇನೂ ಚೆನ್ನಾಗಿರಲಿಲ್ಲ, ಹಿಂದಿನ ಸಾಲಿನ ಗುಂಪಿನಲ್ಲಿ ಹಾಕಿದರು. ಅದೇ ನನಗೆ ದೊಡ್ಡದಾಗಿತ್ತು. ಶಾಲೆ ಬಿಟ್ಟ ಮೇಲೂ ಮನೆಗೆ ಹೋಗದೆ ಇರಲು ಒಂದು ಕಾರಣ ಸಿಕ್ಕಿತ್ತು.

ಲೀನಾ ಮಿಸ್‌ದು ಒಂದು ಹಟ. ಅರ್ಥ ಗೊತ್ತಿಲ್ಲದ ಸಾಲನ್ನು ಯಾರೂ ಹಾಡಕೂಡದು. ಹಾಡುತ್ತಿದ್ದಂತೆ ಕೀಬೋರ್ಡಿನಿಂದ ಕೈ ಎತ್ತಿ, ಯಾರನ್ನಾದರೂ ಎಬ್ಬಿಸಿ, ಈ ಸಾಲು ಏನು ಹೇಳುತ್ತಿದೆ ಎಂದು ಕೇಳುತ್ತಿದ್ದರು. ಮದುಮಗಳು ಮದುಮಗನ ಸುತ್ತ ಏಳು ಸುತ್ತು ಬರುವ ಹಾಡಿನಲ್ಲಿ "ಏಳನೆಯ ಸುತ್ತಿಗೆ ಗೋಡೆ ಮೇಲೆದ್ದಿತು" ಎಂಬರ್ಥದ ಸಾಲೊಂದಿತ್ತು. ಯಾವ ಗೋಡೆ ಎಂದು ನನ್ನನ್ನೇ ಕೇಳಿದರು. ನಾನು ಮನೆಯ ಗೋಡೆ ಅಂದೆ. ಮಿಸ್ ತಲೆಯಾಡಿಸಿ, ಹೌದು, ಇಟ್ಟಿಗೆಯಿಲ್ಲದೆ ಅವಳು ನಡೆದು ಕಟ್ಟುವ ಮನೆ ಅದು, ಅದರೊಳಗೆ ಇಬ್ಬರಿಗೇ ಜಾಗ ಅಂದರು. ಕೆಲವರು ಬೇರೆ ಅರ್ಥ ಹೇಳುತ್ತಾರೆ, ನನಗೆ ಇದು ಇಷ್ಟ ಅಂತಲೂ ಸೇರಿಸಿದರು. ನಾಲ್ಕು ಕಂಬದ ಮೇಲೆ ಬಟ್ಟೆ ಕಟ್ಟಿದ ಮಂಟಪಕ್ಕೆ ಪಕ್ಕದಲ್ಲಿ ಪರದೆ ಯಾಕಿಲ್ಲವೆಂದರೆ ಯಾವ ದಿಕ್ಕಿನಿಂದ ನೆಂಟ ಬಂದರೂ ಒಳಗೆ ಬರಲಿ ಎಂದು. ಕೊನೆಯಲ್ಲಿ ಗಾಜಿನ ಲೋಟ ತುಳಿದು ಒಡೆಯುವುದು, ಸಂತೋಷದ ಹೊತ್ತಿನಲ್ಲೂ ಕಳೆದುಕೊಂಡದ್ದನ್ನು ಮರೆಯಬಾರದೆಂದು. ಇವನ್ನೆಲ್ಲ ನಾನು ಮನೆಗೆ ಬಂದು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅಮ್ಮ ಚಾಮರಾಜನಗರದ ಕನ್ನಡ ಶಾಲೆಯಲ್ಲಿ ಓದಿದವಳು, ಇಂಗ್ಲಿಷ್ ಹಾಡು ಕಿವಿಗೆ ಬಿದ್ದರೂ ತಲೆಗೆ ಹತ್ತುತ್ತಿರಲಿಲ್ಲ. ಸಾಲು ಸಾಲಾಗಿ ಅರ್ಥ ಮಾಡಿ ಹೇಳಿದರೆ ಯಂತ್ರದ ಪೆಡಲು ತುಳಿಯುತ್ತಲೇ ಕೇಳುತ್ತಿದ್ದಳು. ಗಾಜಿನ ವಿಷಯ ಕೇಳಿ, "ಶುಭಕಾರ್ಯದಲ್ಲಿ ಒಡೀತಾರಾ!" ಎಂದು ಬೆರಗಾದಳು.

ಮದುಮಗಳ ಮುಸುಕು ಹೊಲಿಯುವ ಕೆಲಸ ಅಮ್ಮನಿಗೆ ಬಂದದ್ದು ನನ್ನಿಂದಲೇ. ನಮ್ಮಮ್ಮ ಹೊಲಿಯುತ್ತಾಳೆ ಎಂದು ನಾನೇ ಕೈಯೆತ್ತಿ ಹೇಳಿದ್ದೆ. ರೂವಿ ಪೇಟೆಯ ಅಂಗಡಿಯಿಂದ ಮಿಸ್ ಬಿಳಿ ನೆಟ್ ಬಟ್ಟೆ ತಂದು ಕಳಿಸಿದರು. ಮದುವೆಗೆ ಬಿಳಿ ಬಣ್ಣವೇ ಎಂದು ಅಮ್ಮ ಮುಖ ಸಿಂಡರಿಸಿದರೂ ಅದರ ಅಂಚಿಗೆ ಇಡಲು ಅಳಿದುಳಿದ ಬೆಳ್ಳಿ ಜರಿ ಹುಡುಕಿ ತೆಗೆದಳು. ಆ ಸಂಜೆ ನಾನು ಮುಸುಕಿನ ಹಾಡನ್ನು ಅವಳಿಗೆ ಹೇಳಿದೆ. ಅದರ ಅರ್ಥ ಹೆಚ್ಚುಕಡಿಮೆ ಹೀಗಿತ್ತು: ಬಾ, ಮೊದಲು ನೋಡು, ಆಮೇಲೆ ಮುಚ್ಚು. ಇವಳೇ ಹೌದೋ ಅಲ್ಲವೋ ನಿನ್ನ ಕಣ್ಣಿಗೆ ಕೇಳು. ಒಮ್ಮೆ ಒಬ್ಬ ನೋಡದೆ ಹೋದ, ಬೆಳಗಾದಾಗ ಅಳುವ ಕಣ್ಣು ಬೇರೆಯವಳದಾಗಿತ್ತು.

"ಯಾರು ನೋಡದೆ ಹೋಗಿದ್ದು?" ಎಂದು ಅಮ್ಮ ಕೇಳಿದಳು.

"ಹಳೇ ಕಾಲದಲ್ಲಿ ಅವರ ಪೈಕಿ ಒಬ್ಬ ಹಿರಿಯ ಇದ್ನಂತೆ. ಅವನು ತಂಗೀನ ಇಷ್ಟಪಟ್ಟಿದ್ದ. ಮಾವ ಮುಸುಕು ಹಾಕಿ ಅಕ್ಕನ್ನ ಮದುವೆ ಮಾಡಿಬಿಟ್ಟ. ಬೆಳಿಗ್ಗೆ ನೋಡಿದ್ರೆ ಬೇರೆ ಹುಡುಗಿ! ಅದಕ್ಕೇ ಈಗ ಗಂಡೇ ಬಂದು ಮುಖ ನೋಡಿ, ಇವಳೇ ಅಂತ ಚೆಕ್ ಮಾಡಿ, ತಾನೇ ಮುಸುಕು ಇಳಿಸ್ತಾನೆ. ಮಿಸ್ ಹೇಳಿದ್ರು, ಅವರ ಬೀದೀಲಿ ಹೀಗೆ ಮಾಡ್ತಿರಲಿಲ್ವಂತೆ, ಬೇರೆ ದೇಶದವರದಂತೆ ಇದು."

ಯಂತ್ರ ನಿಂತಿತು. ಅಮ್ಮ ಬಟ್ಟೆಯನ್ನು ಸೂಜಿಯ ಕೆಳಗಿಂದ ಎಳೆಯಲೂ ಇಲ್ಲ, ಮುಂದಕ್ಕೆ ತಳ್ಳಲೂ ಇಲ್ಲ.

"ಆಮೇಲೆ ಆ ಅಕ್ಕ ಏನಾದ್ಳು?"

"ಯಾವ ಅಕ್ಕ?"

"ಮುಸುಕಿನ ಒಳಗೆ ಇದ್ದವಳು."

ನನಗೆ ಗೊತ್ತಿರಲಿಲ್ಲ. ಹಾಡಿನಲ್ಲಿ ಅದಿರಲಿಲ್ಲ. ಮಾರನೇ ದಿನ ಮಿಸ್‌ಗೆ ಕೇಳಿದೆ. ಅವರು ಕೀಬೋರ್ಡು ಮುಚ್ಚಿ ನನ್ನನ್ನು ಕೂರಿಸಿಕೊಂಡು ಹೇಳಿದರು. ಅವಳೂ ಆ ಮನೆಯಲ್ಲೇ ಉಳಿದಳು. ಗಂಡ ತಂಗಿಯನ್ನೂ ಮದುವೆಯಾದ, ಮನಸ್ಸೆಲ್ಲ ಆ ಕಡೆಯೇ ಇಟ್ಟ. ಇವಳಿಗೆ ಮೊದಲನೆಯ ಗಂಡುಮಗು ಹುಟ್ಟಿದಾಗ ಈಗಲಾದರೂ ನನ್ನನ್ನು ಪ್ರೀತಿಸುತ್ತಾನೆ ಅಂದುಕೊಂಡು ಹೆಸರಿಟ್ಟಳು. ಮುಂದಿನ ಮಕ್ಕಳು ಹುಟ್ಟಿದಾಗಲೂ ಅದೇ ಆಸೆ. ಇದನ್ನು ಕೇಳಿದ್ದು ಯಾರು ಎಂದು ಮಿಸ್ ವಿಚಾರಿಸಿದರು. ನಮ್ಮಮ್ಮ ಅಂದೆ. ಈ ಪ್ರಶ್ನೆ ತಮ್ಮನ್ನು ಇದುವರೆಗೆ ಯಾರೂ ಕೇಳಿರಲಿಲ್ಲ, ಎಲ್ಲರೂ ಮೋಸ ಹೋದ ಗಂಡಸಿನ ಬಗ್ಗೆಯೇ ಕೇಳುತ್ತಾರೆ ಎಂದರು. ಮನೆಗೆ ಬಂದು ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಅವಳು ಜರಿಯ ದಾರ ಕಚ್ಚಿ ತುಂಡರಿಸಿದಳು.

"ಎಷ್ಟು ಮಕ್ಕಳಂತೆ?"

"ತುಂಬಾ."

"ಸರಿ, ಹೋಗಿ ಕೈಕಾಲು ತೊಳ್ಕೋ."

ಶುಕ್ರವಾರ ಮಧ್ಯಾಹ್ನ ಅಪ್ಪನಿಗೆ ಪಾಳಿ ಇಲ್ಲದಿದ್ದರೆ ಮಾತ್ರ ಮೂವರೂ ಒಂದೇ ಹೊತ್ತಿಗೆ ಉಣ್ಣುತ್ತಿದ್ದೆವು. ಅಂಥದ್ದೇ ಶುಕ್ರವಾರ. ಹೊಲಿಗೆ ಯಂತ್ರವನ್ನು ಕೆಳಗಿಳಿಸಿ ಅಮ್ಮ ಹುರುಳಿಕಾಯಿ ಪಲ್ಯ, ನಿಂಬೆಹಣ್ಣಿನ ಸಾರು ಬಡಿಸಿದ್ದಳು. ಮಜ್ಜಿಗೆಯ ಬದಲು ಲಬನ್. ಎ.ಸಿ.ಯ ಸದ್ದು, ತಟ್ಟೆಯ ಸದ್ದು ಅಷ್ಟೇ. ಆ ಮೌನವನ್ನು ತುಂಬುವುದು ನನ್ನ ಕೆಲಸ ಎಂದು ನನಗೆ ಯಾವಾಗಲೂ ಅನ್ನಿಸುತ್ತಿತ್ತು. ನಾಟಕದ ವಿಷಯ ಹೇಳತೊಡಗಿದೆ. ಮುಸುಕಿನ ಕಥೆಗೆ ಬಂದೆ. ನಗಿಸಬೇಕೆಂದೇ ಕೇಳಿದೆ:

"ಅಪ್ಪ, ನಿಮ್ಮ ಮದುವೇಲಿ ನೀವು ಚೆಕ್ ಮಾಡಿದ್ರಾ? ಅಮ್ಮನೇ ಅಂತ?"

ಅಪ್ಪ ಕಲಸುತ್ತಿದ್ದ ಅನ್ನದಿಂದ ಕೈ ತೆಗೆದರು. ನನ್ನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದರು. ಅವರು ಅವಳನ್ನು ಅಷ್ಟು ನೇರವಾಗಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇವಳಿಗೆ ನೀನು ಹೇಳಿದ್ಯಾ?"

"ಇಲ್ಲ ರೀ. ಅದು ಅವಳ ನಾಟಕದ್ದು. ನನ್ನಾಣೆ."

"ಖಲಾಸ್" ಎಂದು ಅಪ್ಪ ಎದ್ದರು. ಆ ಪದವನ್ನು ಕೆಲಸದ ಜಾಗದಿಂದ ಕಲಿತಿದ್ದರು, ಮುಗಿಯಿತು ಎನ್ನುವುದಕ್ಕೆ. ಎಂಜಲು ಕೈಯಲ್ಲೇ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೈ ತೊಳೆದು, ಕಾರಿನ ಕೀ ತೆಗೆದುಕೊಂಡು ಹೊರಟುಹೋದರು. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು. ಅಮ್ಮ ನನ್ನ ಬೆನ್ನಿಗೆ ಒಂದು ಏಟು ಹಾಕಿದಳು. ಅದುವರೆಗೆ ಹೊಡೆದವಳಲ್ಲ. ಹೊಡೆದ ಕೈಯಿಂದಲೇ ನನ್ನನ್ನು ಎಳೆದುಕೊಂಡು ಕೋಣೆಗೆ ಹೋಗಿ ಮಂಚದ ಮೇಲೆ ಕೂರಿಸಿದಳು. ಮುಸುಕು ಅಲ್ಲೇ ಮಡಿಕೆಯಾಗಿ ಬಿದ್ದಿತ್ತು. ಅದನ್ನು ಪಕ್ಕಕ್ಕೆ ಸರಿಸಿದಳು.

"ನಿನಗೊಬ್ಬಳು ದೊಡ್ಡಮ್ಮ ಇದ್ದಾಳೆ. ಸುಮಿತ್ರಾ ಅಂತ. ನಮ್ಮಕ್ಕ."

ನಾನು ಹನ್ನೆರಡು ವರ್ಷ ಆ ಹೆಸರು ಕೇಳಿರಲಿಲ್ಲ. ಅಜ್ಜಿ ಮನೆಯಲ್ಲಿ ಯಾವ ಗೋಡೆಯ ಮೇಲೂ ಅವಳ ಫೋಟೋ ಇರಲಿಲ್ಲ.

"ನಿಮ್ಮಪ್ಪ ನೋಡಿ ಒಪ್ಪಿದ್ದು ಅವಳನ್ನ. ಲಗ್ನಪತ್ರಿಕೇಲಿ ಇದ್ದಿದ್ದೂ ಅವಳ ಹೆಸರೇ. ಮುಹೂರ್ತದ ದಿನ ಬೆಳಿಗ್ಗೆ ನೋಡಿದ್ರೆ ಛತ್ರದಲ್ಲಿ ಅವಳಿಲ್ಲ. ಅವಳ ಸ್ಕೂಲಿನ ಮೇಷ್ಟ್ರು ಒಬ್ರು ಇದ್ರು, ಅವರ ಜೊತೆ ಹೋಗಿಬಿಟ್ಟಿದ್ಳು. ಗಂಡಿನ ಕಡೆಯವರು ಆಗ್ಲೇ ತಿಂಡಿಗೆ ಕೂತಿದ್ರು. ನಮ್ಮಪ್ಪ ಬಂದು ನನ್ನ ಕೈ ಹಿಡ್ಕೊಂಡ್ರು. ಅವಳ ಸೀರೇನೇ ನನಗೆ ಉಡಿಸಿದ್ರು. ರವಿಕೆ ದೊಡ್ಡದಾಯ್ತು, ಹಿಂದುಗಡೆ ಪಿನ್ನು ಹಾಕಿದ್ರು."

"ಅಪ್ಪನಿಗೆ ಹೇಳಿದ್ರಾ?"

"ಹೇಳಿದೀವಿ, ಒಪ್ಪಿದಾರೆ ಅಂತ ತಾತ ಅಂದ್ರು. ಆದ್ರೆ ಅಂತರಪಟ ಸರಿಸಿದಾಗ ನಾನು ಅವರ ಮುಖ ನೋಡಿದೆ ಪುಟ್ಟಿ. ಗೊತ್ತಿದ್ದವರ ಮುಖ ಹಾಗಿರಲ್ಲ."

"ನೀನು ಕೇಳಲಿಲ್ವಾ?"

"ಹೇಗೆ ಕೇಳೋದು? ಹೌದು, ನನಗೆ ಮೋಸ ಆಯ್ತು ಅಂದುಬಿಟ್ರೆ?"

ಆಮೇಲೆ ಅವಳು ಎದ್ದು ಮಿಕ್ಕ ಪಲ್ಯವನ್ನು ಡಬ್ಬಿಗೆ ಹಾಕಿದಳು. ಆ ಮಧ್ಯಾಹ್ನ ನಾನು ಮಂಚದ ಮೇಲೆ ಕೂತೇ ಇದ್ದೆ. ನಾನು ಹೊತ್ತು ತಿರುಗಿದ ಮಾತುಗಳೆಲ್ಲ, ಸಾರು ಬಿಸಿ ಇದೆ, ಖುಬ್ಬೂಸ್ ತಂದಿದೀನಿ, ಆ ಒಂದು ಪ್ರಶ್ನೆಯನ್ನು ಕೇಳದೆ ಇರುವುದಕ್ಕೆ ಅವರು ಆಡಿದ ಮಾತುಗಳು ಎಂದು ಅಷ್ಟು ಸ್ಪಷ್ಟವಾಗಿ ಆಗ ಹೊಳೆದಿರಲಾರದು. ಆಗ ಹೊಳೆದದ್ದು ಇಷ್ಟೇ. ಅಮ್ಮನ ಅಕ್ಕ ಓಡಿಹೋಗದಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ. ಈ ಮನೆಯಲ್ಲಿ ನಡೆಯಬಾರದಿದ್ದ ಒಂದು ಸಂಗತಿಯಿಂದ ನಾನು ಬಂದಿದ್ದೇನೆ. ಯಾರಿಗೆ ಹೇಳುವುದು? ಶಾಲೆಯ ಗೆಳತಿಯರಿಗೆ ಇಂಗ್ಲಿಷಿನಲ್ಲಿ ಹೇಳಲು ಪದಗಳಿರಲಿಲ್ಲ. ಲೀನಾ ಮಿಸ್‌ಗೆ ಹೇಳಬೇಕೆಂದು ಎರಡು ಸಲ ಸಂಗೀತದ ಕೋಣೆಯ ಬಾಗಿಲ ತನಕ ಹೋಗಿ ಹಿಂದಿರುಗಿದೆ. ಕೊನೆಗೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಆ ಮುಸುಕಿನ ಹಾಡನ್ನು ಹಾಡಿಕೊಳ್ಳುತ್ತಿದ್ದೆ. ನೋಡಿ ಆಮೇಲೆ ಮುಚ್ಚು ಎಂಬ ಸಾಲು ಬಂದಾಗ ಹಾಡು ಮುಂದೆ ಹೋಗುತ್ತಿರಲಿಲ್ಲ.

ನಾಟಕದ ದಿನ ಅಮ್ಮ ಇಸ್ತ್ರಿ ಮಾಡಿದ ಮುಸುಕನ್ನು ತೋಳಿನ ಮೇಲೆ ಹೊತ್ತು ನನ್ನ ಜೊತೆ ಶಾಲೆಯ ಬಸ್ಸಿನಲ್ಲೇ ಬಂದಳು. ಅಪ್ಪ ಬರುತ್ತಾರೆಂದು ನಾವಿಬ್ಬರೂ ಅಂದುಕೊಂಡಿರಲಿಲ್ಲ. ಆ ಶುಕ್ರವಾರದಿಂದ ಅವರು ನನ್ನ ಕೈಯಲ್ಲೂ ಮಾತು ಕಳಿಸುವುದನ್ನು ನಿಲ್ಲಿಸಿದ್ದರು. ಆದರೆ ಮುಸುಕಿನ ಹಾಡು ಶುರುವಾಗುವ ಹೊತ್ತಿಗೆ ಹಿಂದಿನ ಬಾಗಿಲ ಹತ್ತಿರ ನೀಲಿ ಯೂನಿಫಾರ್ಮಿನಲ್ಲಿ ನಿಂತಿದ್ದರು, ನೇರ ಪಾಳಿಯಿಂದ. ನಾನು ಹಿಂದಿನ ಸಾಲಿನಲ್ಲಿ ಬೆಂಚಿನ ಮೇಲೆ ನಿಂತಿದ್ದರಿಂದ ಇಡೀ ಸಭಾಂಗಣ ಕಾಣುತ್ತಿತ್ತು. ಮೂರನೇ ಸಾಲಿನಲ್ಲಿ ಅಮ್ಮ. ಮದುಮಗನಾಗಿದ್ದ ಹತ್ತನೇ ಕ್ಲಾಸಿನ ಹುಡುಗ ಮುಂದೆ ಬಂದು, ಹೇಳಿಕೊಟ್ಟಂತೆಯೇ ನಿಧಾನವಾಗಿ ಮದುಮಗಳ ಮುಖ ನೋಡಿದ. ನೋಡುವುದಕ್ಕೆ ಹೊತ್ತು ತೆಗೆದುಕೋ, ಅವಸರ ಮಾಡಬೇಡ ಎಂದು ಮಿಸ್ ಅವನಿಗೆ ಎಷ್ಟೋ ಸಲ ಹೇಳಿದ್ದರು. ಆಮೇಲೆ ಅಮ್ಮ ಹೊಲಿದ ಬೆಳ್ಳಿ ಜರಿಯ ಅಂಚನ್ನು ಹಿಡಿದು ಮುಸುಕು ಇಳಿಸಿದ. ಅಪ್ಪನಿಗೆ ಇಂಗ್ಲಿಷ್ ಬರುತ್ತಿತ್ತು. ಸಾಲುಗಳ ಅರ್ಥ ನಾನು ಹೇಳಬೇಕಿರಲಿಲ್ಲ.

ಮನೆಗೆ ಅಪ್ಪನ ಕಾರಿನಲ್ಲಿ ಹೊರಟೆವು. ಸೂರ್ಯ ಮುಳುಗಿದ್ದ, ಹೈವೇಯಲ್ಲಿ ಅಲ್ ಖುವೈರ್ ಕಡೆಯಿಂದ ಬರುವ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನಾನು ಮುಂದೆ, ಅಮ್ಮ ಹಿಂದೆ. ಅಪ್ಪ ಮುಂದಿನ ಕಾರನ್ನೇ ನೋಡುತ್ತಾ ಹೇಳಿದರು:

"ನನಗೆ ಹೇಳಿದ್ರು."

ಬ್ರೇಕಿನಿಂದ ಕಾಲು ತೆಗೆದು ಕಾರನ್ನು ಒಂದಡಿ ಮುಂದೆ ಬಿಟ್ಟರು.

"ಮಂಟಪಕ್ಕೆ ಹೋಗೋಕೆ ಹತ್ತು ನಿಮಿಷ ಮುಂಚೆ. ಬೇಡ ಅನ್ನೋದಾದ್ರೆ ಈಗಲೇ ಹೊರಡೋಣ ಅಂದ್ರು ನಮ್ಮಪ್ಪ. ನಾನು ಬೇಡ ಅನ್ಲಿಲ್ಲ."

"ಮತ್ತೆ ನಿಮ್ಮ ಮುಖ ಯಾಕೆ ಹಾಗಿತ್ತು?" ಅಮ್ಮ ನೇರವಾಗಿ ಅವರನ್ನೇ ಕೇಳಿದಳು. ನನ್ನ ಮೂಲಕ ಅಲ್ಲ.

"ನೀನು ಅಳ್ತಿದ್ದೆ. ಪರದೆ ಸರಿದಾಗ ನಾನು ನೋಡಿದ್ದು ಅದನ್ನೇ. ಈ ಹುಡುಗೀನ ಹಿಡಿದು ಕೂರಿಸಿದಾರೆ ಅನ್ನಿಸ್ತು. ಇನ್ನು ನಾನೂ ಬಲವಂತ ಮಾಡಬಾರದು ಅಂತ..."

"ಹಿಡಿದು ಕೂರಿಸಿದ್ದು ನಿಜ" ಅಂದಳು ಅಮ್ಮ. "ಆದ್ರೆ ಅದು ಒಂದು ದಿನ. ಆಮೇಲೆ ಹದಿಮೂರು ವರ್ಷ ನಾನೇ ಕೂತಿದೀನಿ. ಅದನ್ನ ನೀವು ನೋಡ್ಲಿಲ್ಲ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಮುಂದೆ ದಾರಿ ಬಿಟ್ಟಿತ್ತು.

ಅಂದಿನಿಂದ ಮನೆ ಬದಲಾಯಿತು, ಆದರೆ ನಾನು ಅಂದುಕೊಂಡಂತೆ ಅಲ್ಲ. ಮೊದಲು ಬಂದದ್ದು ಜಗಳ. ಹದಿಮೂರು ವರ್ಷದ ಜಗಳಗಳು ಸಾಲಾಗಿ ಬಂದವು: ಯಾವುದೋ ಗೌರಿಹಬ್ಬಕ್ಕೆ ಊರಿಗೆ ಕಳಿಸದಿದ್ದದ್ದು, ನಾನು ಹುಟ್ಟಿದಾಗ ಅಪ್ಪ ಮೂರು ತಿಂಗಳು ಬರದಿದ್ದದ್ದು, ಅಮ್ಮ ಒಮ್ಮೆ ಅವರ ಹುಟ್ಟಿದಹಬ್ಬ ಮರೆತದ್ದು. ಒಂದು ದಿನ ಅಮ್ಮ ಎಷ್ಟು ಜೋರಾಗಿ ಕೂಗಿದಳೆಂದರೆ ಕೆಳಗಿನ ಆಂಟಿ ಮೇಲೆ ಬಂದು ಬಾಗಿಲು ತಟ್ಟಿದರು. ಆಮೇಲೆ ಕೂಗು ಕಡಿಮೆಯಾಗಿ ಬರೀ ಮಾತಾಯಿತು. ಅಪ್ಪನ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು, ಒಳಗೆ ಇಬ್ಬರೂ. ಎ.ಸಿ.ಯ ಸದ್ದಿನಲ್ಲಿ ಒಂದು ಪದವೂ ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ. ಊಟಕ್ಕೆ ಬನ್ನಿ ಎಂದು ಅಮ್ಮನೇ ಹೋಗಿ ಕರೆಯುತ್ತಿದ್ದಳು. ನಾನು ಸಂತೋಷಪಡಬೇಕಿತ್ತು, ಪಟ್ಟೆ ಕೂಡ. ಆದರೆ ಸಂಜೆ ಶಾಲೆಯಿಂದ ಬಂದು ಹೇಳಲು ನನ್ನ ಬಳಿ ಏನೂ ಇರುತ್ತಿರಲಿಲ್ಲ. ನಾಟಕ ಮುಗಿದಿತ್ತು. ಅರ್ಥ ಮಾಡಿಕೊಡಬೇಕಾದ ಹಾಡೂ ಇರಲಿಲ್ಲ. ಲೀನಾ ಮಿಸ್ ಆ ವರ್ಷದ ಕೊನೆಗೆ ಕೊಚ್ಚಿಗೆ ಹಿಂದಿರುಗಿದರು. ಈಗ ನಾನು ಅಲ್ ಖುವೈರ್‌ನ ಒಂದು ಆಫೀಸಿನಲ್ಲಿ ಅರಬ್ಬಿ ಕಾಗದಪತ್ರಗಳನ್ನು ಇಂಗ್ಲಿಷಿಗೆ ಮಾಡುವ ಕೆಲಸದಲ್ಲಿದ್ದೇನೆ. ಕೆಲವೊಮ್ಮೆ ಮೀಟಿಂಗಿನಲ್ಲಿ ಇಬ್ಬರ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ನನಗಾಗುವ ನೆಮ್ಮದಿ, ಅವರು ನನ್ನನ್ನು ಬಿಟ್ಟು ತಾವೇ ಮಾತಾಡಿಕೊಂಡಾಗ ಹೋಗಿಬಿಡುತ್ತದೆ. ಈ ಗುಣ ಎಲ್ಲಿಂದ ಬಂತೆಂದು ನನಗೆ ಗೊತ್ತು.

ನಾಟಕವಾದ ವರ್ಷದ ಬೇಸಿಗೆ ರಜೆಯ ಮೊದಲ ವಾರದಲ್ಲಿ ಒಂದು ಬೆಳಿಗ್ಗೆ ಅಪ್ಪ ಹಾಲ್‌ನ ಫೋನಿನ ಪಕ್ಕ ಒಂದು ಚೀಟಿ ಇಟ್ಟು ಕೆಲಸಕ್ಕೆ ಹೋದರು. ಅದರಲ್ಲಿ ಹಾಸನದ ಒಂದು ನಂಬರು. ಅಜ್ಜಿಗೆ ಫೋನ್ ಮಾಡಿ, ಬೇಡಿಕೊಂಡು, ಅವರೇ ಪಡೆದದ್ದು. ಅಮ್ಮ ತಿಂಡಿಯ ಪಾತ್ರೆ ತೊಳೆದಳು, ಅಡುಗೆಕಟ್ಟೆ ಒರೆಸಿದಳು, ತಲೆ ಬಾಚಿ ಹೆರಳು ಹಾಕಿಕೊಂಡಳು, ಯಾರೋ ಮನೆಗೆ ಬರುವವರಿದ್ದಾರೆ ಎನ್ನುವಂತೆ. ಆಮೇಲೆ ನೆಲದ ಮೇಲೆ ಕೂತು ನಂಬರು ಒತ್ತಿದಳು. ಆ ಕಡೆ ಗಂಟೆ ಹೊಡೆಯುವುದು ನನಗೂ ಕೇಳಿಸಿತು. ಯಾರೋ ಎತ್ತಿದರು.

"ಅಕ್ಕಾ" ಅಂದಳು ಅಮ್ಮ. ರಿಸೀವರನ್ನು ಕಿವಿಗೆ ಒತ್ತಿಕೊಂಡು, "ನಾನು ಕಣೇ, ವನಜ."

ಆಮೇಲೆ ಕೈಯಿಂದ ರಿಸೀವರ್ ಮುಚ್ಚಿ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ಮುಖದಲ್ಲಿ ನಾನು ಕಂಡಿರದ ಒಬ್ಬ ಹುಡುಗಿ ಇದ್ದಳು.

"ಪುಟ್ಟಿ, ನೀನು ಸ್ವಲ್ಪ ಹೊರಗಿರು."

ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಆ ಬೆಳಗಿನ ಸೆಕೆಗೆ ಮೆಟ್ಟಿಲ ಕಿಟಕಿಯ ಗಾಜು ಹೊರಗಿನಿಂದ ಮಂಜಾಗಿತ್ತು, ಪಾರ್ಕಿಂಗಿನಲ್ಲಿ ಯಾರ ಕಾರು ಇದೆ ಯಾರದಿಲ್ಲ ಎಂದು ಕಾಣುತ್ತಿರಲಿಲ್ಲ. ಬಾಗಿಲ ಆಚೆಯಿಂದ ಅಮ್ಮ ಅಳುವುದು ಕೇಳಿಸಿತು, ಆಮೇಲೆ ಏನೋ ಬೈಯುವುದು, ಆಮೇಲೆ ನಗು. ಕೆಳಗಿನ ಆಂಟಿ ಕಸದ ಚೀಲ ಹಿಡಿದು ತಮ್ಮ ಮನೆಯಿಂದ ಹೊರಬಂದವರು ತಲೆಯೆತ್ತಿ ನೋಡಿ, "ಏನು ಮಗಾ, ಒಬ್ಬಳೇ ಕೂತಿದ್ದೀಯಲ್ಲ?" ಎಂದು ಕೇಳಿದರು. ಅಮ್ಮ ಅವಳ ಅಕ್ಕನ ಹತ್ತಿರ ಮಾತಾಡ್ತಿದಾಳೆ ಅಂದೆ. ಆಂಟಿ ತಲೆಯಾಡಿಸಿ ಇಳಿದುಹೋದರು. ಒಳಗಿನ ಮಾತು ಮುಗಿಯಲಿಲ್ಲ. ಮೆಟ್ಟಿಲಿನಲ್ಲಿ ಬಿಸಿಲೇರುವವರೆಗೂ ನಾನು ಅಲ್ಲೇ ಇದ್ದೆ, ಮೊಣಕಾಲಿಗೆ ಗಲ್ಲ ಊರಿಕೊಂಡು, ಬಾಗಿಲು ತೆರೆಯುವುದನ್ನು ಕಾಯುತ್ತಾ.